ನಾಲ್ಕು ಬೆರಳು ನೀರು

ಮಿರಜ
6 ಜನವರಿ 2025

ಬಾಳಪ್ಪ ಕಾಕಾ ಅವರಿಗೆ ಮಹಾದೇವನ ನಮಸ್ಕಾರ.

ಹದಿನೈದು ಕಿಲೋಮೀಟರ್ ದೂರದ ಬುಧಗಾಂವಕ್ಕೆ ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ಪೋಸ್ಟಿನವನು ನಕ್ಕ. ನಗಲಿ ಬಿಡಿ. ಮೂವತ್ತೈದು ವರ್ಷ ಪಂಪಿನ ಮನೆಯಲ್ಲಿ ಕೂತು ನೀವು ಕಿವಿ ಕಳೆದುಕೊಂಡಿರಿ, ಫೋನು ಮಾಡಿ ಪ್ರಯೋಜನವಿಲ್ಲ. ಎದುರಿಗೆ ಬಂದರೆ ಕೂಗಿ ಮಾತಾಡಬೇಕು, ನಿಮ್ಮ ಓಣಿಯೆಲ್ಲ ಕೇಳಿಸಿಕೊಳ್ಳುತ್ತದೆ. ಕನ್ನಡದಲ್ಲಿ ಬರೆದರೆ ಇನ್ನೊಂದು ಅನುಕೂಲ. ಈ ಮರಾಠಿ ಆಫೀಸಿನ ಟೇಬಲ್ಲಿನ ಮೇಲೆ ಬಿಚ್ಚಿಟ್ಟು ಹೋದರೂ ಓದುವವರಿಲ್ಲ.

ವಿಷಯಕ್ಕೆ ಬರುತ್ತೇನೆ. ಮಾಲಗಾಂವ ಕಡೆಯ ಹನ್ನೊಂದು ವಸ್ತಿಗಳ ನೀರಿನ ಯೋಜನೆ ಕೊನೆಗೆ ಬಂದು ಸಿಕ್ಕಿಕೊಂಡಿದೆ. ಸರಕಾರ ಸಾಲ ತಂದು ಮಾಡಿಸುವ ಕೆಲಸ. ಕೆಲಸ ಮುಗಿಯಿತು ಎನ್ನಬೇಕಾದರೆ ಏಳು ಮೆಟ್ಟಿಲು ಹತ್ತಬೇಕು ಎಂದು ಸಾಲ ಕೊಟ್ಟವರು ಬರೆದುಕೊಟ್ಟಿದ್ದಾರೆ. ಮನೆಗಳ ಪಟ್ಟಿಗೆ ಮಂಜೂರಿ, ಟಾಕಿ ಮತ್ತು ಪೈಪು, ಅಗೆದ ರಸ್ತೆಯ ದುರಸ್ತಿ, ಈ ಮೂರು ಆಗಿವೆ. ನಾಲ್ಕನೆಯದು ಸೋರಿಕೆ ಪರೀಕ್ಷೆ. ಅದು ಪಾಸಾದರೆ ನೆಲದಲ್ಲಿ ಇದ್ದದ್ದನ್ನು ಇದ್ದ ಹಾಗೆ ತೋರಿಸುವ ನಕ್ಷೆ, ಪಂಚಾಯಿತಿಗೆ ಹಸ್ತಾಂತರ, ಕೊನೆಗೆ ಪೂರ್ಣತೆಯ ಪ್ರಮಾಣಪತ್ರ. ಆ ಪ್ರಮಾಣಪತ್ರದ ಮೇಲೆ ಸಹಿ ಬಿದ್ದ ದಿನ ನನ್ನನ್ನು ಇಲ್ಲಿಂದ ಬಿಡುತ್ತೇನೆ ಎಂದು ಪ್ರತಾಪ ಸಾಹೇಬರು ಹೇಳಿದ್ದಾರೆ. ಅಕ್ಕಲಕೋಟಕ್ಕೆ ನನ್ನನ್ನು ವರ್ಗ ಮಾಡಿದ ಬದಲಿ ಆದೇಶ ಹದಿನಾಲ್ಕು ತಿಂಗಳಿಂದ ಅವರ ಡ್ರಾಯರಿನಲ್ಲಿದೆ.

ಬೆಳಿಗ್ಗೆ ಆರಕ್ಕೆ ಟಾಕಿ ತುಂಬಿಸಿ, ಹನ್ನೊಂದೂ ವಸ್ತಿಗಳ ವಾಲ್ವ್ ಮುಚ್ಚಿ, ಸಂಜೆ ಆರಕ್ಕೆ ಅಳೆಯುತ್ತೇವೆ. ನೀರು ಇಳಿಯಬಾರದು. ಆದರೆ ಮೂರು ಸಲ ಅಳೆದರೂ ನಾಲ್ಕು ಬೆರಳು ಇಳಿದಿದೆ. ನಾಲ್ಕು ಕಿಲೋಮೀಟರ್ ನಡೆದು ನೋಡಿದೆ, ಎಲ್ಲೂ ನೆಲ ಹಸಿಯಾಗಿಲ್ಲ.

ಲೈನೆಲ್ಲ ಹೊಸದು. ನಡುವೆ ನಾನೂರು ಮೀಟರ್ ಮಾತ್ರ ನಿಮ್ಮ ಕಾಲದ ಬೀಡುಕಬ್ಬಿಣದ ಪೈಪು. ಗಟ್ಟಿಯಿದೆ, ಇದರ ಮೇಲೆ ಒಂದು ನಳದ ಜೋಡಣೆಯೂ ಇಲ್ಲ ಎಂದು ನೀವು ಬರೆದುಕೊಟ್ಟಿರಿ ಎಂದೇ ಅದನ್ನು ಉಳಿಸಿಕೊಂಡೆ. ಆ ತುಂಡಿನ ಬಗ್ಗೆ ಏನಾದರೂ ನೆನಪಾದರೆ ತಿಳಿಸಿ.

ನಿಮ್ಮ
ಮಹಾದೇವ


ಬುಧಗಾಂವ
15 ಜನವರಿ 2025

ಮಾದೇವನಿಗೆ ಬಾಳಪ್ಪನ ಆಶೀರ್ವಾದ.

ನಿನ್ನ ಕಾಗದ ನಿನ್ನೆ ಸಂಕ್ರಮಣದ ದಿನವೇ ಬಂತು. ಯಾರ ಮನೆಯ ಕರೆಯೋಲೆಯೋ ಎಂದು ಮಗಳು ದಾನೇಶ್ವರಿ ಖುಷಿಯಾದಳು. ಒಡೆದರೆ ಪೈಪು, ಟಾಕಿ. ನಿನಗೆ ಕೆಲಸ ಕಲಿಸಿದ್ದು ನಾನೇ, ಯಾರನ್ನು ಬೈಯಲಿ?

ನೀವು ಸಾಹೇಬರು ಸೋರಿಕೆ ಹುಡುಕುವುದು ಕಣ್ಣಿನಿಂದ. ಕಣ್ಣಿಗೆ ಕಂಡದ್ದನ್ನು ದನ ಕಾಯುವವನೂ ಹುಡುಕುತ್ತಾನೆ. ಪೈಪಿನ ಮೇಲೆ ಅಂಗೈ ಇಡು. ನೀರು ಓಡುತ್ತಿದ್ದರೆ ಕೈಗೆ ತಿಳಿಯುತ್ತದೆ. ಕಿವಿ ಹೋದ ಮೇಲೂ ಆರು ವರ್ಷ ನಾನು ಹಾಗೆಯೇ ನೀರು ಬಿಟ್ಟೆ, ಯಾವ ಊರೂ ಒಣಗಲಿಲ್ಲ.

ಕಾಲುವೆಯ ಸೇತುವೆಯ ಕೆಳಗೆ ಒಂದು ಜಾಯಿಂಟ್ ಇದೆಯಲ್ಲ, ಅದನ್ನು ಬಿಚ್ಚಿಸು. ಗುತ್ತೇದಾರನ ಜನ ಅಲ್ಲಿ ಅವಸರದಲ್ಲಿ ಕೆಲಸ ಮಾಡಿರುತ್ತಾರೆ. ಮೂರನೇ ವಸ್ತಿಯ ವಾಲ್ವನ್ನೂ ನೋಡು.

ಎಳ್ಳುಬೆಲ್ಲದ ತಿಳಗುಳ ಕಟ್ಟಿ ಕಳಿಸಿದ್ದೇನೆ. ಇರುವೆ ಮುಟ್ಟುವ ಮೊದಲು ತಿನ್ನು.

ಬಾಳಪ್ಪ


ಮಿರಜ
9 ಫೆಬ್ರವರಿ 2025

ಕಾಕಾ,

ಸೇತುವೆಯ ಜಾಯಿಂಟ್ ಬಿಚ್ಚಿಸಿದೆ. ಮದುವೆಗೆ ತಂದ ಹೊಸ ಪಾತ್ರೆಯಷ್ಟು ಶುಭ್ರವಾಗಿತ್ತು. ಮೂರನೇ ವಸ್ತಿಯ ವಾಲ್ವೂ ಸರಿಯಿದೆ. ಬಿಚ್ಚಿದ್ದಕ್ಕೆ ಗುತ್ತೇದಾರ ಮೇಲಿನವರಿಗೆ ದೂರು ಕೊಟ್ಟ. ಸಾಲ ಕೊಟ್ಟವರ ಕಡೆಯ ಇಬ್ಬರು ಮುಂಬೈಯಿಂದ ಬಂದು, ನಾಲ್ಕನೇ ಮೆಟ್ಟಿಲಿನಲ್ಲಿ ಇಷ್ಟು ದಿನ ನಿಂತ ಯೋಜನೆ ಜಿಲ್ಲೆಯಲ್ಲಿ ಇದೊಂದೇ ಎಂದು ಹೇಳಿ, ಚಹಾ ಕುಡಿದು ಹೋದರು. ಪ್ರತಾಪ ಸಾಹೇಬರು ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೀವು ತಿಳಗುಳ ಕಳಿಸಿದಿರಿ, ಬುದ್ಧಿವಾದ ಕಳಿಸಿದಿರಿ. ನಾನು ಕೇಳಿದ್ದಕ್ಕೆ ಉತ್ತರ ಕಳಿಸಲಿಲ್ಲ. ಆ ನಾನೂರು ಮೀಟರ್ ಬಗ್ಗೆ ಒಂದು ಸಾಲೂ ಇಲ್ಲ.

ಮಹಾದೇವ


ಬುಧಗಾಂವ
23 ಫೆಬ್ರವರಿ 2025

ಮಾದೇವ,

ಪೈಪು ಗಟ್ಟಿಯಿದೆ ಎಂದು ಅಂದೇ ಬರೆದುಕೊಟ್ಟಿದ್ದೇನೆ. ಒಂದೇ ಮಾತನ್ನು ಎಷ್ಟು ಸಲ ಬರೆಯಲಿ?

ಮಂದಾ ಹೇಗಿದ್ದಾಳೆ? ಅದನ್ನು ನೀನು ಎರಡು ಕಾಗದದಲ್ಲೂ ಬರೆದಿಲ್ಲ.

ಬಾಳಪ್ಪ


ಮಿರಜ
19 ಮಾರ್ಚ್ 2025

ಕಾಕಾ,

ಮಂದಾ ಹೇಗಿದ್ದಾಳೆ ಎಂದು ಕೇಳಿದಿರಿ. ಹೇಳುತ್ತೇನೆ.

ಹದಿನೆಂಟು ತಿಂಗಳ ಕೆಲಸ ಎಂದು ನನ್ನನ್ನು ಇಲ್ಲಿಗೆ ಕಳಿಸಿ ಐದು ವರ್ಷವಾಯಿತು. ಅವಳು ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ, ನಾನು ಮಿರಜಿನ ಬಾಡಿಗೆ ಖೋಲಿಯಲ್ಲಿ. ಭಾನುವಾರವೂ ಸೈಟು, ಎರಡು ತಿಂಗಳಿಗೊಮ್ಮೆ ಹೋಗಿಬಂದರೆ ಹೆಚ್ಚು. ಹೋಳಿ ಹಬ್ಬಕ್ಕೆ ಹೋಗಿದ್ದೆ. ಬೆಳಿಗ್ಗೆ ಅವಳು ಅಡುಗೆಮನೆಯಿಂದ ಇಣುಕಿ, ‘ಚಹಾಕ್ಕ ಸಕ್ಕರಿ ಎಷ್ಟ ಹಾಕ್ಲಿ?’ ಎಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ ಕೇಳಿದಳು. ಕೇಳಿದ ಮೇಲೆ ಅವಳಿಗೂ ಗೊತ್ತಾಯಿತು. ಇಬ್ಬರೂ ಕೂತು ಚಹಾ ಕುಡಿದೆವು. ಅಂದಿನಿಂದ ನನಗೆ ಹೆದರಿಕೆಯಾಗುತ್ತಿದೆ ಕಾಕಾ. ಇನ್ನೊಂದು ವರ್ಷ ಹೀಗೇ ಹೋದರೆ ನಾನು ಆ ಮನೆಗೆ ಹೋಗುವುದಕ್ಕೂ ಹೋಗದಿರುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಈಗ ನೀರಿನ ಸಂಗತಿ. ಮೊನ್ನೆ ಪರೀಕ್ಷೆಯ ದಿನ ಟಾಕಿಯ ಏಣಿಯನ್ನು ತಾಸಿಗೊಮ್ಮೆ ಹತ್ತಿ ಅಳೆದೆ. ಆರರಿಂದ ಹತ್ತರವರೆಗೆ ಎರಡೂವರೆ ಬೆರಳು. ಹತ್ತರಿಂದ ನಾಲ್ಕರವರೆಗೆ ಏನೂ ಇಲ್ಲ. ನಾಲ್ಕರಿಂದ ಆರರವರೆಗೆ ಒಂದೂವರೆ. ಮೊಣಕಾಲು ನೋಯುತ್ತಿದ್ದರೂ ಏಣಿಯ ಮೇಲೆ ನಿಂತು ನಕ್ಕೆ. ಸೋರಿಕೆ ಮಧ್ಯಾಹ್ನ ಮಲಗುವುದಿಲ್ಲ. ಬೆಳಿಗ್ಗೆ ಅಡುಗೆಗೆ ನೀರು ತುಂಬಿ, ಕೂಲಿಗೆ ಹೋಗಿ, ಸಂಜೆ ಬಂದು ಮತ್ತೆ ತುಂಬುವುದು ಜನ.

ನನ್ನ ಪಟ್ಟಿಯಲ್ಲಿ ಇಲ್ಲದ ಯಾರೋ ನನ್ನ ಟಾಕಿಯಿಂದ ನೀರು ಕುಡಿಯುತ್ತಿದ್ದಾರೆ. ಅವರು ಯಾರು ಎಂದು ನಿಮಗೆ ಗೊತ್ತು. ಫೈಲಿನಲ್ಲಿ ನಿಮ್ಮ ಕಾಗದವಿದೆ, ಅದರ ಕೆಳಗೆ ನನ್ನ ಸಹಿಯಿದೆ. ನೀವು ಹೇಳದಿದ್ದರೆ ನಾನೂರು ಮೀಟರನ್ನೂ ಅಗೆಸುತ್ತೇನೆ.

ಮಹಾದೇವ


ಬುಧಗಾಂವ
28 ಮಾರ್ಚ್ 2025

ಮಾದೇವ,

ಅಗೆಸಬೇಡ. ಹೇಳುತ್ತೇನೆ.

ಮಾಲಗಾಂವದ ದಾರಿಯಲ್ಲಿ ದ್ರಾಕ್ಷಿ ತೋಟಗಳು ಮುಗಿದ ಮೇಲೆ ಕಲ್ಲುನೆಲದ ಮಡ್ಡಿಯ ಮೇಲೆ ಇಪ್ಪತ್ತೆರಡು ಮನೆ ಇವೆ. ವಿಜಯಪುರ, ಇಂಡಿ ಕಡೆಯಿಂದ ಕೂಲಿಗೆ ಬಂದು ನಿಂತವರು. ಕೆಲವರು ತೋಟಕ್ಕೆ, ಕೆಲವರು ಕುಪವಾಡದ ಕಾರಖಾನೆಗಳಿಗೆ ಹೋಗುತ್ತಾರೆ. ಮೊದಲು ಅಲ್ಲಿ ಪೈಪಿನ ಮೇಲೊಂದು ಗಾಳಿ ವಾಲ್ವ್ ಇತ್ತು. ಅದು ಹನಿಯುತ್ತಿತ್ತು. ಹೆಂಗಸರು ಅದಕ್ಕೆ ಅರಿವೆ ಸುತ್ತಿ, ಅರಿವೆಯ ತುದಿ ಕೊಡದೊಳಗೆ ಬಿಟ್ಟು, ಸರದಿಯ ಮೇಲೆ ಕೂರುತ್ತಿದ್ದರು. ಒಂದು ಕೊಡ ತುಂಬಲು ಒಂದು ತಾಸು. ಅಲ್ಲಿಯ ಶಿದ್ರಾಮನ ಹೆಂಡತಿ ಚಂದ್ರಭಾಗಾ ಆಗ ಹೊಸದಾಗಿ ಮದುವೆಯಾಗಿ ಬಂದವಳು, ಅರಿಶಿನ ಮೈಯಲ್ಲೇ ಆ ಪೈಪಿನ ಹತ್ತಿರ ಕೂತಿರುತ್ತಿದ್ದಳು. ಹನಿಯುವುದನ್ನು ನಿಲ್ಲಿಸು ಎಂದು ಅಂದಿನ ಸಾಹೇಬರು ನನಗೆ ಹೇಳಿದರು. ನಾನು ಬಿಗಿದೆ. ಮರುದಿನ ಹೋದಾಗ ಆ ಹೆಂಗಸರು ಅಲ್ಲೇ ಕೂತಿದ್ದರು. ಬೈಯಲಿಲ್ಲ. ಅರಿವೆ ಒಣಗಿತ್ತು, ಆದರೂ ಬಿಚ್ಚಿರಲಿಲ್ಲ. ಅಂದು ನನಗೆ ಊಟ ಸೇರಲಿಲ್ಲ.

ಎಂಟು ದಿನದ ಮೇಲೆ ನಾನೇ ಪೈಪಿಗೆ ತೂತು ಹಾಕಿ ಒಂದಿಂಚಿನ ಲೈನು ಕೊಟ್ಟೆ. ವಾಲ್ವನ್ನು ಚಂದ್ರಭಾಗಾಳ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಹುಗಿದೆ. ಒಗೆಯುವ ಕಲ್ಲಿನ ಸುತ್ತ ನೆಲ ಹಸಿಯಿದ್ದರೆ ಯಾರು ಕೇಳುತ್ತಾರೆ? ತೋಟದವರ ಬೋರಿನ ನೀರು ಎಂದು ಹೇಳಿರಿ ಎಂದು ಎಲ್ಲರಿಗೂ ಹೇಳಿಕೊಟ್ಟೆ. ಇಪ್ಪತ್ತೊಂದು ವರ್ಷವಾಯಿತು.

ಹೌದು, ನಿನಗೆ ಬರೆದುಕೊಟ್ಟದ್ದು ಸುಳ್ಳು. ಆದರೆ ಬರೆಯುವ ಮೊದಲು ಒಂದು ಮಾತು ಕೇಳಿದ್ದೆ, ನೆನಪಿದೆಯೇ? ಮಡ್ಡಿಯ ಮನೆಗಳು ನಿನ್ನ ಪಟ್ಟಿಯಲ್ಲಿವೆಯೇ ಎಂದು ಕೇಳಿದೆ. ‘ಅವ್ರು ಸರಕಾರಿ ಗಾಯರಾನದಾಗ ಕುಂತವ್ರು ಕಾಕಾ, ಲೆಕ್ಕಕ್ಕ ಇಲ್ಲ’ ಎಂದು ನೀನು ನನ್ನ ಕಿವಿಗೆ ಬಾಯಿಟ್ಟು ಕೂಗಿದೆ. ಆ ಮಾತು ಚೆನ್ನಾಗಿ ಕೇಳಿಸಿತು. ಒಳಗೆ ಹೋಗಿ ಸುಳ್ಳು ಬರೆದೆ.

ಈಗ ನಿನ್ನ ಕೈಯಲ್ಲಿದೆ.

ಬಾಳಪ್ಪ


ಮಿರಜ
21 ಏಪ್ರಿಲ್ 2025

ಬಾಳಪ್ಪ ಕಾಕಾ,

ಮೂರು ವಾರ ನಿಮಗೆ ಬರೆಯಲಿಲ್ಲ. ಸಿಟ್ಟು ಬಂದಿತ್ತು. ನಿಮ್ಮ ಮೇಲೆ ಎಂದುಕೊಂಡಿದ್ದೆ.

ಹನ್ನೆರಡನೇ ತಾರೀಖು ಮಡ್ಡಿಗೆ ಹೋದೆ. ಪೈಪು ಹೂಳುವಾಗ ಆ ನಳದಲ್ಲಿ ನಾನೇ ಎಷ್ಟೋ ಸಲ ಕೈಕಾಲು ತೊಳೆದಿದ್ದೇನೆ, ತೋಟದವನ ಪುಣ್ಯ ಎಂದು ಹೇಳಿಯೂ ಇದ್ದೇನೆ. ಚಂದ್ರಭಾಗಾ ಒಗೆಯುವ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಕಲ್ಲಿನ ಮುಂದೆ ಅಡ್ಡವಾಗಿ. ಐದು ನಿಮಿಷ ಬಿಸಿಲಿನ ಮಾತಾಡಿ ತಿರುಗಿ ಬಂದೆ.

ನಿಜ ಹೇಳುತ್ತೇನೆ, ಮುಚ್ಚಬೇಕೆಂದೇ ಹೋಗಿದ್ದೆ. ಒಂದು ದಿನ ಮುಚ್ಚಿ, ಪರೀಕ್ಷೆ ಪಾಸು ಮಾಡಿ, ಮತ್ತೆ ತೆರೆಯಬಹುದಲ್ಲ ಎಂದು ನೀವು ಅನ್ನಬಹುದು. ಆಗುವುದಿಲ್ಲ. ಪರೀಕ್ಷೆಯ ಮರುದಿನವೇ ಟಾಕಿಗೆ ಮೀಟರ್ ಕೂರಿಸುತ್ತಾರೆ. ನನ್ನ ಜಾಗಕ್ಕೆ ಬಂದವನು ಮೊದಲ ತಿಂಗಳೇ ಈ ನಾಲ್ಕು ಬೆರಳು ಹಿಡಿಯುತ್ತಾನೆ, ಹಿಡಿದ ದಿನ ಕಡಿದು ಹಾಕುತ್ತಾನೆ. ಪಟ್ಟಿಯಲ್ಲಿ ಇಲ್ಲದವರಿಗೆ ಆಮೇಲೆ ಯಾವ ಯೋಜನೆಯೂ ಇಲ್ಲ. ಈಗ ಯೋಜನೆ ಇನ್ನೂ ಮುಗಿದಿಲ್ಲ, ಈಗ ಮಾತ್ರ ಅವರನ್ನು ಸೇರಿಸಬಹುದು.

ಹಾಗಾಗಿ ಇವತ್ತು ಬೆಳಿಗ್ಗೆ ಅರ್ಜಿ ಬರೆದು ಕೊಟ್ಟೆ. ಇಪ್ಪತ್ತೆರಡು ಮನೆಗಳಿಗೆ ಹಳೆಯ ಲೈನಿನಿಂದ ನೀರು ಹೋಗುತ್ತಿದೆ, ಅದಕ್ಕೇ ಪರೀಕ್ಷೆ ಪಾಸಾಗುತ್ತಿಲ್ಲ, ಅವರನ್ನು ಪಟ್ಟಿಗೆ ಸೇರಿಸಬೇಕು ಎಂದು. ನಿಮ್ಮ ಹೆಸರು ಬರೆದಿಲ್ಲ. ಪ್ರತಾಪ ಸಾಹೇಬರು ಎರಡು ಸಲ ಓದಿದರು. ಪಟ್ಟಿ ಬದಲಾದರೆ ಮೊದಲನೇ ಮೆಟ್ಟಿಲಿಗೆ ಇಳಿಯಬೇಕು, ಸಾಲ ಕೊಟ್ಟವರ ಹೊಸ ಮಂಜೂರಿ ಬರಬೇಕು, ಮತ್ತೆ ಒಂದೂವರೆ ವರ್ಷ, ಶುರು ಮಾಡಿದವನೇ ಮುಗಿಸಬೇಕು ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಡ್ರಾಯರು ತೆರೆದು ನನ್ನ ಬದಲಿ ಆದೇಶ ತೋರಿಸಿದರು. ಅರ್ಜಿ ವಾಪಸು ತೆಗೆದುಕೊಳ್ಳುತ್ತೀಯಾ ಎಂದು ಕೇಳಿದರು. ಇಲ್ಲ ಎಂದೆ. ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಆವಕ ನಂಬರು ಬಿದ್ದು ಮುಂಬೈಗೆ ಹೋಯಿತು.

ದೊಡ್ಡ ಮನಸ್ಸಿನವನು ಎಂದು ಹೊಗಳಬೇಡಿ. ಇಲ್ಲ ಎಂದ ಮರುಗಳಿಗೆಯೇ ಹೌದು ಎನ್ನಬೇಕಾಗಿತ್ತು ಅನಿಸಿತು, ಈಗಲೂ ಅನಿಸುತ್ತಿದೆ. ಮಂದಾಗೆ ಫೋನು ಮಾಡಿ ಹೇಳಿದೆ. ಎಲ್ಲ ಕೇಳಿ, ಊಟ ಆಯಿತೇ ಎಂದಳು. ಆಯಿತು ಎಂದೆ. ಆಗಿರಲಿಲ್ಲ.

ಒಂದು ಸಮಾಧಾನವೆಂದರೆ, ಅಲ್ಲಿಯವರೆಗೆ ಅವರ ನಳ ನಡೆಯುತ್ತಿರುತ್ತದೆ. ನಡೆಯುತ್ತಿರುವ ನೀರನ್ನು ನಿಲ್ಲಿಸುವ ಅಧಿಕಾರ ಮಂಜೂರಿ ಬರುವತನಕ ಯಾರಿಗೂ ಇಲ್ಲ. ನಿಯಮ ಓದಿಯೇ ಬರೆದಿದ್ದೇನೆ.

ನಿಮ್ಮ
ಮಹಾದೇವ


ಬುಧಗಾಂವ
21 ಏಪ್ರಿಲ್ 2025

ಚಿರಂಜೀವಿ ಮಾದೇವನಿಗೆ,

ನಿನ್ನಿಂದ ಕಾಗದವಿಲ್ಲ. ಕೈ ಕಟ್ಟಿ ಕೂರಲು ನನ್ನಿಂದಾಗಲಿಲ್ಲ. ಮಂದಾ ಸಕ್ಕರೆ ಎಷ್ಟು ಎಂದು ಕೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ನನ್ನ ಹೆಂಡತಿ ಹೋಗಿ ಹನ್ನೊಂದು ವರ್ಷವಾಯಿತು, ಇವತ್ತು ಎದ್ದು ಬಂದರೂ ನನ್ನ ಚಹಾಕ್ಕೆ ಎಷ್ಟು ಎಂದು ಕೇಳಲಾರಳು. ನಾನು ಹುಗಿದ ವಾಲ್ವಿನಿಂದ ನಿನ್ನ ಮನೆ ಹೀಗಾಗಬಾರದು.

ನಿನ್ನೆ ಭಾನುವಾರ ದಾನೇಶ್ವರಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಮಡ್ಡಿಗೆ ಹೋದೆ. ಎಲ್ಲರೂ ಮನೆಯಲ್ಲಿದ್ದರು. ಹೆಂಗಸರನ್ನೆಲ್ಲ ಕೂರಿಸಿ ನಿನ್ನ ಕಥೆ ಹೇಳಿದೆ. ಐದು ವರ್ಷದಿಂದ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಈ ನಳ ನಿಂತ ಹೊರತು ಅವನನ್ನು ಬಿಡುವುದಿಲ್ಲ ಎಂದೆ. ಸ್ವಲ್ಪ ದಿನ ಮುಚ್ಚೋಣ, ಪರೀಕ್ಷೆ ಮುಗಿದು ಮಾದೇವನ ಬದಲಿಯಾಗಲಿ, ಹೊಸ ಸಾಹೇಬನಿಗೆ ಏನೂ ಗೊತ್ತಿರುವುದಿಲ್ಲ, ನಾನೇ ಬಂದು ತೆರೆಯುತ್ತೇನೆ ಎಂದೆ. ಶಿದ್ರಾಮ ಒಪ್ಪಲಿಲ್ಲ, ಬೇಸಿಗೆ ಕಳೆಯಲಿ ಎಂದ. ಚಂದ್ರಭಾಗಾ ಅವನನ್ನು ಸುಮ್ಮನಾಗಿಸಿದಳು. ಅವಳು ಹೇಳಿದ್ದು ನನಗೆ ಕೇಳಿಸಲಿಲ್ಲ, ದಾನೇಶ್ವರಿ ಬರೆದು ತೋರಿಸಿದಳು: ‘ಇಪ್ಪತ್ತ ವರ್ಷ ಕುಡದೇವಿ. ಅವ್ರ ಸಂಸಾರ ನೆಟ್ಟಗಾಗಲಿ, ಮುಚ್ರಿ.’

ಕಲ್ಲು ಸರಿಸಿದರು. ನನ್ನ ಕೈಯಿಂದಲೇ ಮುಚ್ಚಿದೆ. ಪೈಪಿನ ಮೇಲೆ ಅಂಗೈ ಇಟ್ಟು ನೋಡಿದೆ, ನೀರು ನಿಂತಿತ್ತು.

ನಿನಗೆ ಮೊದಲೇ ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಈಗ ಬೇಗ ಪರೀಕ್ಷೆ ಮಾಡಿಸು. ಸಹಿ ಹಾಕಿಸಿಕೋ. ಅಕ್ಕಲಕೋಟಕ್ಕೆ ಹೋಗು.

ನಿನ್ನ ಒಳ್ಳೆಯದನ್ನೇ ಬಯಸುವ
ಬಾಳಪ್ಪ


ಮಿರಜ
4 ಮೇ 2025

ಕಾಕಾ,

ನಮ್ಮ ಎರಡು ಕಾಗದಗಳು ದಾರಿಯಲ್ಲಿ ಎದುರುಬದುರಾಗಿ ಹೋಗಿವೆ. ನನ್ನದನ್ನು ಓದಿ ನೀವು ಏನಾಗಿದ್ದೀರೋ ಗೊತ್ತಿಲ್ಲ. ನಿಮ್ಮದು ನನ್ನ ಕೈಗೆ ಬಂದದ್ದು ಇಪ್ಪತ್ತಾರಕ್ಕೆ. ಒಂದು ದಿನ ತಡವಾಯಿತು.

ಇಪ್ಪತ್ತೈದನೇ ತಾರೀಖು, ನನ್ನ ಅರ್ಜಿ ನಿಜವೋ ಸುಳ್ಳೋ ನೋಡಲು ಪ್ರತಾಪ ಸಾಹೇಬರು ತಾವೇ ನಿಂತು ಪರೀಕ್ಷೆ ಮಾಡಿಸಿದರು. ಸಂಜೆ ಆರಕ್ಕೆ ಅಳೆದರೆ ನೀರು ಒಂದು ಬೆರಳೂ ಇಳಿದಿರಲಿಲ್ಲ. ನನಗೆ ಏನೂ ತಿಳಿಯಲಿಲ್ಲ. ನಿನ್ನ ಇಪ್ಪತ್ತೆರಡು ಮನೆ ಎಲ್ಲಿ ಎಂದು ಸಾಹೇಬರು ಕೇಳಿದರು. ಎಲ್ಲರನ್ನೂ ಮಡ್ಡಿಗೆ ಕರೆದುಕೊಂಡು ಹೋಗಿ ಕಲ್ಲು ಸರಿಸಿ ತೋರಿಸಿದೆ. ವಾಲ್ವ್ ಮುಚ್ಚಿತ್ತು, ನಳ ಒಣಗಿತ್ತು.

ಮುಂದಿನದು ನೇರವಾಗಿ ಬರೆಯುತ್ತೇನೆ. ನೀರು ಹೋಗುತ್ತಿಲ್ಲವಾದ್ದರಿಂದ ಅದು ನಡೆಯುತ್ತಿರುವ ಜೋಡಣೆಯಲ್ಲ, ಮುಚ್ಚಿದ ಜೋಡಣೆ ಎಂದು ಪಂಚನಾಮೆ ಆಯಿತು. ನಡೆಯುತ್ತಿರುವುದನ್ನು ನಿಲ್ಲಿಸುವಂತಿಲ್ಲ, ಮುಚ್ಚಿದ್ದನ್ನು ಮಂಜೂರಿಯಿಲ್ಲದೆ ತೆರೆಯುವಂತಿಲ್ಲ. ನಾನು ಓದಿದ್ದ ನಿಯಮವೇ. ವಾಲ್ವಿಗೆ ತಂತಿ ಸುತ್ತಿ ಅರಗಿನ ಮುದ್ರೆ ಒತ್ತಿದರು. ಪಂಚನಾಮೆಯ ಮೇಲೆ ನನ್ನ ಸಹಿ. ಪರೀಕ್ಷೆ ಪಾಸಾಗಿದೆ, ಆದರೆ ಅರ್ಜಿ ಮುಂಬೈಯಲ್ಲಿದೆ, ಅದರ ತೀರ್ಮಾನವಾಗುವವರೆಗೆ ಪ್ರಮಾಣಪತ್ರವಿಲ್ಲ. ಒಂದೂವರೆ ವರ್ಷ ಅವರಿಗೆ ನೀರಿಲ್ಲ, ನನಗೆ ಬಿಡುಗಡೆಯಿಲ್ಲ. ನೀವು ನನಗಾಗಿ ಮುಚ್ಚಿದಿರಿ, ನಾನು ಅವರಿಗಾಗಿ ಬರೆದೆ. ಇಬ್ಬರಲ್ಲಿ ಒಬ್ಬರು ಸುಮ್ಮನೆ ಕೂತಿದ್ದರೂ ಸಾಕಾಗಿತ್ತು.

ನಿಮ್ಮ ಮೇಲೆ ಸಿಟ್ಟಿಲ್ಲ. ಇಲ್ಲ, ಇದೆ. ಎರಡು ದಿನ ಬಹಳ ಇತ್ತು. ಈಗ ಸುಸ್ತು ಅಷ್ಟೇ.

ಅರಗಿನ ಮುದ್ರೆ ಯಾತಕ್ಕೆ ಎಂದು ಅಂದು ಮಡ್ಡಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಎಲ್ಲ ಮರಾಠಿಯಲ್ಲಿ, ಅವಸರದಲ್ಲಿ ನಡೆದುಹೋಯಿತು. ಇದೂ ಪರೀಕ್ಷೆಯ ಒಂದು ಭಾಗ ಎಂದುಕೊಂಡರು. ನಿಜ ಹೇಳಿ ಬರೋಣ ಎಂದು ಇವತ್ತು ಒಬ್ಬನೇ ಹೋದೆ. ಹೆಂಗಸರು ತೋಟದ ಕೆರೆಯಿಂದ ನೀರು ಹೊತ್ತು ಬರುತ್ತಿದ್ದರು, ಎರಡು ಕಿಲೋಮೀಟರ್. ಚಂದ್ರಭಾಗಾ ತಲೆಯ ಮೇಲಿನ ಕೊಡ ಇಳಿಸಿ, ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಅದೇ ಕೊಡದಿಂದ ಒಂದು ತಂಬಿಗೆ ನೀರು ತುಂಬಿ ಬೆಲ್ಲದ ಚೂರಿನ ಜೊತೆ ಮುಂದಿಟ್ಟಳು. ಅವಳ ಮುಖದಲ್ಲಿ ನಗು ಇತ್ತು ಕಾಕಾ. ಮಗಳನ್ನು ಗಂಡನ ಮನೆಗೆ ಕಳಿಸಿದ ತಾಯಿಯ ಹಾಗೆ ನನ್ನನ್ನು ನೋಡುತ್ತಿದ್ದಳು.

‘ಬದಲಿ ಆತಲ್ಲರಿ ಸಾಹೇಬ್ರ? ಹೇಳಿ ಹೋಗಾಕ ಬಂದ್ರಿ, ಭಾಳ ಛಲೋ ಆತು. ನಿಮ್ಮ ಮನಿ ಬಾಯಾರಿಗೆ ನಮ್ಮ ಶರಣ ಹೇಳ್ರಿ.’

ಉಳಿದ ಹೆಂಗಸರೂ ಬಂದು ನಿಂತಿದ್ದರು, ಇನ್ನೂ ಕೊಡ ಇಳಿಸದೆ. ನಾನು ನೀರು ಕುಡಿದೆ. ಪೂರ್ತಿ ಕುಡಿದೆ. ತಂಬಿಗೆ ಕೆಳಗಿಟ್ಟು, ‘ಹೂಂನವ್ವ, ಆತು, ಹೇಳ್ತೇನಿ’ ಎಂದೆ.

ಒಬ್ಬೊಬ್ಬರಾಗಿ ಎಲ್ಲರೂ ನನಗೆ ಕೈ ಮುಗಿದರು. ಶಿದ್ರಾಮ ರಸ್ತೆಯವರೆಗೆ ಬಂದು ಬಿಟ್ಟುಹೋದ.

ನಾಳೆ ಸೋಮವಾರ. ಎಂಟು ಗಂಟೆಗೆ ನಾನು ಸೈಟಿನಲ್ಲಿರಬೇಕು. ಟಾಕಿಗೆ ಹೋಗಲು ಆ ಮಡ್ಡಿಯ ರಸ್ತೆ ಬಿಟ್ಟರೆ ಬೇರೆ ರಸ್ತೆ ಇಲ್ಲ, ಮತ್ತು ಅವರು ಕೊಡ ಹೊತ್ತು ಬರುವುದೂ ಅದೇ ಹೊತ್ತಿಗೆ.

ಮಹಾದೇವ